ಪೀಣ್ಯದ ಗದ್ದಲದಲ್ಲಿ ನೌಕಾಪಡೆಯ ದನಿ

ಆಯುಧಪೂಜೆಯ ಸಂಜೆ ಪೀಣ್ಯ ಎರಡನೇ ಹಂತದ ರಸ್ತೆಗಳಲ್ಲಿ ಒಮ್ಮೆ ನಡೆದು ನೋಡಬೇಕು. ಲೇತ್, ಮಿಲ್ಲಿಂಗ್ ಮಷೀನುಗಳ ಹಣೆಗೆ ಅರಿಶಿನ ಕುಂಕುಮ, ಕಂಪ್ರೆಸರ್ ಮೇಲೆ ಸೇವಂತಿಗೆ ಹಾರ, ಶಟರ್ ಮುಂದೆ ಒಡೆದ ಬೂದುಗುಂಬಳಕಾಯಿ. ಪಾಳಿಯ ಮೇಲೆ ಪಾಳಿ ಓಡುವ ಮೋಟರುಗಳು ಅಂದು ನಿಂತಿರುತ್ತವೆ. ಕೆಲಸಗಾರರು ಕಡಲೆಪುರಿ, ಸಿಹಿ ಪೊಟ್ಟಣ ಹಿಡಿದು ಮನೆಗೆ ಹೊರಡುವ ಹೊತ್ತಿಗೆ ನಾನು ತಾರಸಿ ಹತ್ತಿ ಲ್ಯಾಪ್‌ಟಾಪ್ ತೆರೆಯುತ್ತೇನೆ. ಉಳಿದ ದಿನಗಳಲ್ಲಿ ಪರದೆಯ ತುಂಬ ಹರಡಿರುವ ಗೆರೆಗಳು, ಮಚ್ಚೆಗಳು, ಅಲೆದಾಡುವ ಪಟ್ಟೆಗಳು ಅಂದು ತೆಳುವಾಗಿರುತ್ತವೆ. ಆಗ 18.2 ಕಿಲೋಹರ್ಟ್ಸ್ ಜಾಗದಲ್ಲಿ ಬೆರಳಗಲದ ಒಂದು ಪಟ್ಟಿ ಅಲುಗಾಡದೆ ಮೇಲಿಂದ ಕೆಳಕ್ಕೆ ಇಳಿಯುತ್ತಿರುವುದು ಕಾಣುತ್ತದೆ. ಅದು ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನಿಂದ ಬರುವ ಭಾರತೀಯ ನೌಕಾಪಡೆಯ ಸಿಗ್ನಲ್. ಸಮುದ್ರದ ಕೆಳಗಿರುವ ಜಲಾಂತರ್ಗಾಮಿಗಳಿಗೆ ಹೋಗುವ ಮಾತು ದಾರಿಯಲ್ಲಿ ನಮ್ಮ ಕಾರ್ಖಾನೆಗಳ ತಲೆಯ ಮೇಲೂ ಹಾದುಹೋಗುತ್ತಿರುತ್ತದೆ.

ಬೆಂಗಳೂರಿನ ಹೊರವಲಯದಲ್ಲಿ, ಅಂದರೆ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ, ಇಂಥ ಸಿಗ್ನಲ್‌ಗಳನ್ನು ಗುರುತಿಸಲು ಹೊರಡುವ ಹ್ಯಾಮ್‌ಗಳಿಗೆ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಬರಹ. ಮೊದಲೇ ಒಂದು ಮಾತು. ಇಲ್ಲಿ ಹಡಗಿನ ದನಿಯನ್ನು ಗುರುತಿಸುವ ಕೆಲಸದ ಮುಕ್ಕಾಲು ಪಾಲು, ನಮ್ಮ ಬೀದಿಯ ದನಿಯನ್ನು ಗುರುತಿಸುವುದೇ ಆಗಿದೆ. ನಿಲ್ದಾಣಗಳ ಪಟ್ಟಿ ಯಾರಿಗೂ ಸಿಗುತ್ತದೆ. ಪಕ್ಕದ ಮನೆಯ ಇನ್ವರ್ಟರ್ ಯಾವ ಕಂಪನಾಂಕದಲ್ಲಿ ಕೂಗುತ್ತದೆ ಎಂಬುದು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಇಷ್ಟು ಕೆಳಗಿನ ಕಂಪನಾಂಕ ಯಾಕೆ? ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ರೇಡಿಯೊ ಅಲೆ ಅದರೊಳಗೆ ಹೊಕ್ಕ ಕೂಡಲೇ ಸೊರಗುತ್ತದೆ. ಕಂಪನಾಂಕ ಇಳಿದಷ್ಟೂ ಅದು ಆಳಕ್ಕೆ ಹೋಗುತ್ತದೆ. 15ರಿಂದ 30 ಕಿಲೋಹರ್ಟ್ಸ್ ನಡುವೆ ಹತ್ತಿಪ್ಪತ್ತು ಮೀಟರ್ ಆಳದವರೆಗೆ ಸಂದೇಶ ಮುಟ್ಟಿಸಬಹುದು. ಜಲಾಂತರ್ಗಾಮಿ ನೀರಿನ ಮೇಲೆ ತಲೆ ಎತ್ತದೆಯೇ ಆದೇಶ ಕೇಳಿಸಿಕೊಳ್ಳಲು ಅಷ್ಟು ಸಾಕು. ಇದಕ್ಕೆ ತೆರಬೇಕಾದ ಬೆಲೆ ಆಂಟೆನಾದ ಗಾತ್ರ. 18.2 ಕಿಲೋಹರ್ಟ್ಸ್‌ನ ಅಲೆಯ ಉದ್ದ ಸುಮಾರು 16.5 ಕಿಲೋಮೀಟರ್. ವಿಧಾನಸೌಧದಿಂದ ವೈಟ್‌ಫೀಲ್ಡ್‌ನ ಐಟಿಪಿಎಲ್‌ಗೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಒಂದು ಅಲೆ. ಆದ್ದರಿಂದಲೇ ವಿಜಯನಾರಾಯಣಂನ ಐಎನ್‌ಎಸ್ ಕಟ್ಟಬೊಮ್ಮನ್ ನೆಲೆಯಲ್ಲಿ 471 ಮೀಟರ್ ಎತ್ತರದ ಕಂಬಗಳಿವೆ. ಶ್ರವಣಬೆಳಗೊಳದ ಗೊಮ್ಮಟನ 26 ಪಟ್ಟಿಗೂ ಹೆಚ್ಚು ಎತ್ತರ. 1990ರಲ್ಲಿ ಸೇವೆಗೆ ಬಂದ ಈ ಕೇಂದ್ರವನ್ನು ಪ್ರಪಂಚದ ವಿಜ್ಞಾನಿಗಳು ವಿಟಿಎಕ್ಸ್ ಎಂಬ ಕರೆಹೆಸರಿನಿಂದ ಬಲ್ಲರು.

ನಮಗೆ ಇದು ದೊಡ್ಡ ಭಾಗ್ಯ. ವಿಜಯನಾರಾಯಣಂ ಬೆಂಗಳೂರಿನಿಂದ ಸುಮಾರು 510 ಕಿಲೋಮೀಟರ್ ದೂರದಲ್ಲಿ, ಎರಡು ಡಿಗ್ರಿಯಷ್ಟೂ ಆಚೀಚೆ ಸರಿಯದೆ ನೇರ ದಕ್ಷಿಣಕ್ಕಿದೆ. ದಿಕ್ಸೂಚಿಯ ಬಾಲ ತೋರಿಸುವ ಕಡೆಯೇ ನಮ್ಮ ಅತಿ ಪ್ರಬಲ ನಿಲ್ದಾಣ. ಹೊಸದಾಗಿ ಕಟ್ಟಿದ ಯಾವುದೇ ಆಂಟೆನಾವನ್ನು ಮೊದಲು ಇದರ ಮೇಲೆಯೇ ಪರೀಕ್ಷಿಸಿ. ವಿಟಿಎಕ್ಸ್ ಪ್ರಸಾರದಲ್ಲಿದ್ದೂ ನಿಮಗೆ ಕಾಣದಿದ್ದರೆ ತಪ್ಪು ನಿಮ್ಮ ಕಡೆಯದು. ಬೇರೆ ನಿಲ್ದಾಣಗಳನ್ನು ಹುಡುಕುವ ಮುನ್ನ ಅದನ್ನು ಸರಿಪಡಿಸಿ.

ಸಲಕರಣೆಗೆ ಬರೋಣ. ಇಲ್ಲಿ ದುಬಾರಿ ರಿಗ್ ಬೇಕಿಲ್ಲ. ಸೆಕೆಂಡಿಗೆ 96 ಸಾವಿರ ಸಲ ಅಳೆಯುವ ಸೌಂಡ್‌ಕಾರ್ಡ್ ಇದ್ದರೆ 48 ಕಿಲೋಹರ್ಟ್ಸ್‌ವರೆಗೆ, 192 ಸಾವಿರದ್ದಾದರೆ 96 ಕಿಲೋಹರ್ಟ್ಸ್‌ವರೆಗೆ ನೇರವಾಗಿ ನೋಡಬಹುದು. ಹಾಡು ರೆಕಾರ್ಡ್ ಮಾಡುವವರು ಬಳಸುವ ಯುಎಸ್‌ಬಿ ಪೆಟ್ಟಿಗೆಯೇ ಇಲ್ಲಿ ರೇಡಿಯೊ ಆಗುತ್ತದೆ. ಎಲ್ಲರ ಬಳಿಯೂ ಇರುವ ಅಗ್ಗದ ಆರ್‌ಟಿಎಲ್ ಡಾಂಗಲ್ ಈ ಕೆಲಸಕ್ಕೆ ಬಾರದು. ನೇರ ಸ್ಯಾಂಪ್ಲಿಂಗ್‌ನಲ್ಲೂ ಅದು 500 ಕಿಲೋಹರ್ಟ್ಸ್‌ನ ಕೆಳಗೆ ಕಿವುಡು. ತಂತ್ರಾಂಶದಲ್ಲಿ ಜರ್ಮನಿಯ ಹ್ಯಾಮ್ ವೋಲ್ಫ್‌ಗಾಂಗ್ ಬ್ಯೂಷರ್ ಬರೆದಿರುವ ಸ್ಪೆಕ್ಟ್ರಮ್ ಲ್ಯಾಬ್ ಈ ಕ್ಷೇತ್ರದ ಹಳೆಯ ನಂಬಿಕಸ್ಥ. ಉಚಿತವಾಗಿ ಸಿಗುತ್ತದೆ. ಮೊದಲ ದಿನ ಗುಂಡಿಗಳ ಸಂಖ್ಯೆ ನೋಡಿ ಹೆದರಬೇಡಿ. ಕಂಪನಾಂಕದ ವ್ಯಾಪ್ತಿ, ವಾಟರ್‌ಫಾಲ್‌ನ ವೇಗ, ಬಣ್ಣದ ಮಟ್ಟ, ಈ ಮೂರನ್ನು ಹಿಡಿತಕ್ಕೆ ತಂದುಕೊಂಡರೆ ತಿಂಗಳುಗಟ್ಟಲೆ ಕೆಲಸ ಸಾಗುತ್ತದೆ.

ಆಂಟೆನಾ ಎಂದರೆ ಲೂಪ್. ಒಂದು ಮೀಟರ್ ಚೌಕದ ಮರದ ಚೌಕಟ್ಟು, ಅದರ ಮೇಲೆ 50 ಸುತ್ತು ಎನಾಮಲ್ ತಂತಿ. ಒಟ್ಟು ಉದ್ದ 200 ಮೀಟರ್. ಎಸ್.ಪಿ. ರಸ್ತೆಯಲ್ಲಿ ಚಿಕ್ಕ ರೀಲುಗಳಲ್ಲಿ ಕೊಂಡರೆ ಜೇಬಿಗೆ ಭಾರ. ಪೀಣ್ಯದಲ್ಲಿ ಮೋಟರ್ ರಿವೈಂಡಿಂಗ್ ಮಾಡುವವರ ಹತ್ತಿರ ವೈಂಡಿಂಗ್ ವೈರ್ ತೂಕದ ಲೆಕ್ಕದಲ್ಲಿ ಸಿಗುತ್ತದೆ. 26 ಗೇಜಿನ ತಂತಿ 300 ಗ್ರಾಂ ತಂದರೆ ಸಾಕು. ಸುತ್ತಿದ ಸುರುಳಿಗೆ ಅಡ್ಡವಾಗಿ ಐದರಿಂದ ಹತ್ತು ನ್ಯಾನೋಫ್ಯಾರಡ್ ನಡುವಿನ ಕೆಪಾಸಿಟರ್ ಕೂಡಿಸಿ ನೋಡುತ್ತ ಹೋದರೆ 18.2ರ ಸುತ್ತ ಸದ್ದಿನ ದಿಣ್ಣೆಯೊಂದು ಏಳುತ್ತದೆ. ಅದೇ ಅನುರಣನ. ಹೀಗೆ ಶ್ರುತಿ ಮಾಡಿದ ಲೂಪ್ ಒಂದೇ ನಿಲ್ದಾಣಕ್ಕೆ ನಿಷ್ಠ. ಕೆಲವು ನೂರು ಹರ್ಟ್ಸ್ ಅಗಲ ಬಿಟ್ಟರೆ ಆಚೆಗೆ ಅದಕ್ಕೆ ಕಿವಿಯಿಲ್ಲ. ಎಲ್ಲವನ್ನೂ ಒಟ್ಟಿಗೆ ನೋಡಬೇಕೆಂದರೆ ಕೆಪಾಸಿಟರ್ ತೆಗೆದು, ಕಡಿಮೆ ಸದ್ದಿನ ಪ್ರಿಆಂಪ್ ಒಂದನ್ನು ಲೂಪ್‌ನ ಬುಡದಲ್ಲೇ ಇಡಿ. ಪ್ರಿಆಂಪ್‌ಗೂ ಲ್ಯಾಪ್‌ಟಾಪ್‌ಗೂ ಬ್ಯಾಟರಿಯೇ ಆಹಾರವಾಗಿರಲಿ. ಚಾರ್ಜರ್ ಸಿಕ್ಕಿಸಿದ ಕ್ಷಣ ಪರದೆ ಕೆಂಪಾಗುವುದನ್ನು ಒಮ್ಮೆ ನೋಡಿದವರು ಮತ್ತೆ ಆ ತಪ್ಪು ಮಾಡುವುದಿಲ್ಲ.

ಎತ್ತರಕ್ಕೆ ಏರಿಸುವ ಮಿನಿವಿಪ್‌ನಂಥ ಪುಟ್ಟ ಆಂಟೆನಾಗಳೂ ಇವೆ. ಊರ ಹೊರಗಿನ ಬಯಲಿನಲ್ಲಿ ಅವು ಸೊಗಸಾಗಿ ಕೆಲಸ ಮಾಡುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಕಟ್ಟಡದ ವೈರಿಂಗ್‌ನ ಸದ್ದನ್ನೆಲ್ಲ ಎಳೆದುಕೊಳ್ಳುತ್ತವೆ. ಲೂಪ್‌ಗೆ ಇರುವ ಇನ್ನೊಂದು ಗುಣ ಅವಕ್ಕಿಲ್ಲ, ದಿಕ್ಕು ಹೇಳುವ ಗುಣ.

ಈಗ ಪರದೆಯ ಮೇಲೆ ಒಂದು ಪಟ್ಟಿ ಕಂಡಿತು ಎಂದುಕೊಳ್ಳಿ. ಅದು ನೌಕಾಪಡೆಯದೇ ಎಂದು ಹೇಳುವುದು ಹೇಗೆ? ನಾನು ಮೊದಲು ನೋಡುವುದು ಅದರ ಆಕಾರ. ಇಂದಿನ ಬಹುತೇಕ ನೌಕಾ ಪ್ರಸಾರಕಗಳು ಬಳಸುವುದು ಎಂಎಸ್‌ಕೆ ಎಂಬ ವಿಧಾನ. ಸೆಕೆಂಡಿಗೆ 200 ಬಿಟ್, ನೂರು ಹರ್ಟ್ಸ್ ಅಂತರದ ಎರಡು ಸ್ವರಗಳ ನಡುವೆ ಎಲ್ಲೂ ಕಡಿದುಹೋಗದ ಜಾರುವಿಕೆ. ಸಂಗೀತ ಬಲ್ಲವರಿಗೆ ಹೇಳುವುದಾದರೆ ಎರಡು ಸ್ವರಸ್ಥಾನಗಳ ನಡುವೆ ಉಸಿರು ತೆಗೆಯದ ಗಮಕ. ಪರದೆಯಲ್ಲಿ ಇದು ಸುಮಾರು 300 ಹರ್ಟ್ಸ್ ಅಗಲದ, ನಡು ದಪ್ಪ, ಅಂಚು ಮೆತ್ತಗಿರುವ ಪಟ್ಟಿ. ನಡುವೆ ಚೂಪಾದ ಗೆರೆ ಇರುವುದಿಲ್ಲ. ಇಡೀ ರಾತ್ರಿ ನೋಡಿದರೂ ಒಂದು ಹರ್ಟ್ಸ್ ಸರಿಯುವುದಿಲ್ಲ, ಪ್ರಸಾರಕದ ಕಂಪನಾಂಕ ಪರಮಾಣು ಗಡಿಯಾರಕ್ಕೆ ಕಟ್ಟುಬಿದ್ದಿರುತ್ತದೆ. ಸರಿದಂತೆ ಕಂಡರೆ ನಿಮ್ಮ ಸೌಂಡ್‌ಕಾರ್ಡನ್ನು ಅನುಮಾನಿಸಿ. ಹತ್ತು ಲಕ್ಷಕ್ಕೆ ಐವತ್ತು ಪಾಲು ತಪ್ಪುವ ಸಾಧಾರಣ ಕಾರ್ಡ್ ಕೂಡ ಇಲ್ಲಿ ತಪ್ಪುವುದು ಒಂದು ಹರ್ಟ್ಸ್ ಆಸುಪಾಸು ಮಾತ್ರ.

ಆಕಾರದಿಂದ ತೀರ್ಮಾನವಾಗದಿದ್ದರೆ ಒಂದು ಸೊಗಸಾದ ಪರೀಕ್ಷೆ ಇದೆ. ಸಿಗ್ನಲ್ಲನ್ನು ಅದರಿಂದಲೇ ಗುಣಿಸಿ, ಅಂದರೆ ವರ್ಗ ಮಾಡಿ, ಇಮ್ಮಡಿ ಕಂಪನಾಂಕದಲ್ಲಿ ನೋಡಿ. 200 ಬಿಟ್ ವೇಗದ ಎಂಎಸ್‌ಕೆ ಆಗಿದ್ದರೆ ಆ ಮಬ್ಬು ಪಟ್ಟಿ 200 ಹರ್ಟ್ಸ್ ಅಂತರದ ಎರಡು ಸೂಜಿಯಂಥ ಗೆರೆಗಳಾಗಿ ಒಡೆಯುತ್ತದೆ. ಆಸ್ಟ್ರೇಲಿಯಾದ 19.8ರ ಸಿಗ್ನಲ್ ಆದರೆ 39.5 ಮತ್ತು 39.7ರಲ್ಲಿ. ಸದ್ದನ್ನು ಎಷ್ಟು ವರ್ಗ ಮಾಡಿದರೂ ಸದ್ದೇ, ಈ ಜೋಡಿಗೆರೆ ಅದರಿಂದ ಹುಟ್ಟುವುದಿಲ್ಲ. ಮೊದಲ ಸಲ ಆ ಗೆರೆಗಳು ಮೂಡಿದಾಗ ಆದ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ.

ಆಮೇಲೆ ದಿಕ್ಕು. ಲೂಪ್‌ನ ಅಂಚು ನಿಲ್ದಾಣದ ಕಡೆ ನೋಡಿದಾಗ ಸಿಗ್ನಲ್ ಗರಿಷ್ಠ, ಅದರ ಅಗಲವಾದ ಮುಖ ಆ ಕಡೆ ತಿರುಗಿದಾಗ ಬಹುತೇಕ ಮಾಯ. ಗರಿಷ್ಠವನ್ನು ನಂಬಬೇಡಿ, ಅದು ಮೊಂಡು. ಮಾಯವಾಗುವ ಬಿಂದುವನ್ನು ಹಿಡಿಯಿರಿ, ಅದು ಚೂಪು. ಲೂಪ್‌ನ ಚೌಕಟ್ಟು ಪೂರ್ವ-ಪಶ್ಚಿಮವಾಗಿ ನಿಂತಾಗ 18.2 ಅಡಗಿದರೆ ಅದು ದಕ್ಷಿಣದ್ದು ಅಥವಾ ಉತ್ತರದ್ದು. ಈ 'ಅಥವಾ' ಬೆಂಗಳೂರಿನವರಿಗೆ ಬಹಳ ಕಾಡುತ್ತದೆ. ಆಸ್ಟ್ರೇಲಿಯಾದ ಎಕ್ಸ್‌ಮೌತ್ ಬಳಿಯ ನಾರ್ತ್‌ವೆಸ್ಟ್ ಕೇಪ್ ನಮಗೆ ಸುಮಾರು 134 ಡಿಗ್ರಿಯಲ್ಲಿ, ಅಂದರೆ ಆಗ್ನೇಯಕ್ಕೆ. ಫ್ರಾನ್ಸ್‌ನ ರೊನೇ ಸುಮಾರು 315 ಡಿಗ್ರಿಯಲ್ಲಿ, ವಾಯವ್ಯಕ್ಕೆ. ಎರಡೂ ಒಂದೇ ಗೆರೆಯ ಎರಡು ತುದಿ. ಲೂಪ್ ಎಷ್ಟು ತಿರುಗಿಸಿದರೂ ಇವೆರಡರಲ್ಲಿ ಯಾವುದೆಂದು ಅದು ಹೇಳಲಾರದು. ಆಗ ಕಂಪನಾಂಕ, ಗಡಿಯಾರ ಎರಡರ ಸಾಕ್ಷಿಯೂ ಬೇಕು. ಇನ್ನೊಂದು ಎಚ್ಚರಿಕೆ: ಆರ್‌ಸಿಸಿ ಕಟ್ಟಡದ ಕಬ್ಬಿಣ, ಮೆಟ್ರೊದ ಮೇಲ್ಸೇತುವೆ, ನೀರಿನ ಪೈಪು ದಿಕ್ಕನ್ನು ತಿರುಚುತ್ತವೆ. ಅಳತೆಯನ್ನು ತಾರಸಿಯಲ್ಲಿ ಒಮ್ಮೆ, ಬಯಲಿನಲ್ಲಿ ಒಮ್ಮೆ ಮಾಡಿ ಹೋಲಿಸಿ.

ಬೆಂಗಳೂರಿನಿಂದ ಹುಡುಕಬೇಕಾದ ನಿಲ್ದಾಣಗಳಲ್ಲಿ ವಿಟಿಎಕ್ಸ್ ನಂತರ ಮೊದಲು ಬರುವುದು ಆ ನಾರ್ತ್‌ವೆಸ್ಟ್ ಕೇಪ್, ಕರೆಹೆಸರು ಎನ್‌ಡಬ್ಲ್ಯುಸಿ, 19.8 ಕಿಲೋಹರ್ಟ್ಸ್. 1967ರಿಂದ ಇರುವ ಈ ಕೇಂದ್ರದ ಶಕ್ತಿ ಒಂದು ಮೆಗಾವ್ಯಾಟ್. ದೂರ ಸುಮಾರು 5,550 ಕಿಲೋಮೀಟರ್ ಆದರೂ ದಾರಿಯ ಬಹುಪಾಲು ಹಿಂದೂ ಮಹಾಸಾಗರವೇ ಆದ್ದರಿಂದ ಅಲೆ ಕಳೆದುಕೊಳ್ಳುವುದು ಕಡಿಮೆ. ಜಪಾನಿನ ಎಬಿನೊ 22.2ರಲ್ಲಿದೆ, ಈಶಾನ್ಯಕ್ಕೆ ಸುಮಾರು 59 ಡಿಗ್ರಿಯಲ್ಲಿ. ಜರ್ಮನಿಯ ಡಿಎಚ್‌ಒ38 23.4ರಲ್ಲಿ, ಬ್ರಿಟನ್ನಿನ ಆಂಥಾರ್ನ್ 19.58ರಲ್ಲಿ, ಸ್ಕೆಲ್ಟನ್ 22.1ರಲ್ಲಿ. ಇವು ಒಳ್ಳೆಯ ರಾತ್ರಿಗಳ ಅತಿಥಿಗಳು. 22.1 ಮತ್ತು 22.2 ಒಂದಕ್ಕೊಂದು ಭುಜ ತಾಗಿಸಿಕೊಂಡಿವೆ, 18.2ರ ನಮ್ಮ ವಿಟಿಎಕ್ಸ್ ಪಕ್ಕದಲ್ಲೇ 18.3ರಲ್ಲಿ ಫ್ರಾನ್ಸ್‌ನ ಅದೇ ರೊನೇ ಕೇಂದ್ರ, ಎಚ್‌ಡಬ್ಲ್ಯುಯು, ಬರುವುದುಂಟು. ಪಟ್ಟಿಯ ಅಗಲವೇ 300 ಹರ್ಟ್ಸ್ ಇರುವಾಗ ನೂರು ಹರ್ಟ್ಸ್ ಅಂತರದ ನೆರೆಯವರನ್ನು ಕಣ್ಣಿನಿಂದ ಬೇರ್ಪಡಿಸಲಾಗದು. ಲೂಪ್ ಅನ್ನು ಪೂರ್ವ-ಪಶ್ಚಿಮಕ್ಕೆ ನಿಲ್ಲಿಸಿ ವಿಟಿಎಕ್ಸನ್ನು ಅಡಗಿಸಿ, ಉಳಿದದ್ದು ಏನೆಂದು ನೋಡುವುದು ಒಂದು ದಾರಿ.

ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ದಾಮಗುಂಡಂನಲ್ಲಿ ನೌಕಾಪಡೆಯ ಎರಡನೆಯ ಇಂಥ ಕೇಂದ್ರಕ್ಕೆ 2024ರ ಅಕ್ಟೋಬರ್ 15ರಂದು ಶಂಕುಸ್ಥಾಪನೆ ಆಗಿದೆ. ಅಲ್ಲಿನ ಕಾಡು ಕಳೆದುಹೋಗುವ ಬಗ್ಗೆ ಸ್ಥಳೀಯರ ಆತಂಕ ದೊಡ್ಡದಿತ್ತು, ಅದನ್ನು ಹಗುರವಾಗಿ ಕಾಣಬಾರದು ಎಂಬುದು ನನ್ನ ನಿಲುವು. ನಮ್ಮ ಹವ್ಯಾಸದ ಲೆಕ್ಕದಲ್ಲಿ ಅದು ತರುವ ತೊಡಕು ಬೇರೆಯದು. ಬೆಂಗಳೂರಿನಿಂದ ಅದು 500 ಕಿಲೋಮೀಟರ್ ಒಳಗೆ, ಹೆಚ್ಚುಕಡಿಮೆ ನೇರ ಉತ್ತರಕ್ಕೆ. ಅಂದರೆ ವಿಜಯನಾರಾಯಣಂ ಮತ್ತು ದಾಮಗುಂಡಂ ನಮ್ಮ ಲೂಪ್‌ಗೆ ಒಂದೇ ಗೆರೆ. ಅದು ಪ್ರಸಾರ ಶುರುಮಾಡುವ ಮೊದಲೇ ವಿಟಿಎಕ್ಸ್‌ನ ಒಂದು ವರ್ಷದ ದಾಖಲೆ ಕೈಯಲ್ಲಿರುವವರು ಹೊಸದನ್ನು ಮೊದಲ ದಿನವೇ ಬೇರ್ಪಡಿಸಬಲ್ಲರು.

ಇನ್ನು ಬೀದಿಯ ದನಿಗಳು. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್‌ಗಳಲ್ಲಿ ಲಿಫ್ಟಿನ ಡ್ರೈವ್ ಮೊದಲ ಶತ್ರು. ಕೆಲವು ಕಿಲೋಹರ್ಟ್ಸ್‌ನಿಂದ 16ರವರೆಗೆ ಅದರ ಸ್ವಿಚಿಂಗ್ ಗೆರೆ ಮತ್ತು ಹಾರ್ಮೋನಿಕ್‌ಗಳು ಎದ್ದು, ಲಿಫ್ಟ್ ನಿಂತೊಡನೆ ಬೀಳುತ್ತವೆ. ಪೀಣ್ಯದ ಮೋಟರ್ ಡ್ರೈವ್‌ಗಳೂ ಇದೇ ಜಾತಿ, ಸಂಖ್ಯೆ ಮಾತ್ರ ನೂರಾರು. ಇಂಡಕ್ಷನ್ ಒಲೆ 20 ಕಿಲೋಹರ್ಟ್ಸ್‌ನ ಮೇಲೆ ಕೂಗುತ್ತದೆ, ಉರಿ ಹೆಚ್ಚು-ಕಡಿಮೆ ಮಾಡಿದಂತೆ ಗೆರೆ ಸರಿಯುತ್ತದೆ. ಬೆಳಗಿನ ಏಳರಿಂದ ಎಂಟರ ನಡುವೆ ನೌಕಾಪಡೆಯ ಜಾಗದಲ್ಲಿ ಹಾವಿನಂತೆ ಹರಿದಾಡುವುದು ಪಕ್ಕದ ಮನೆಯ ಉಪ್ಪಿಟ್ಟು ಎಂದು ತಿಳಿಯಲು ನನಗೆ ಎರಡು ವಾರ ಬೇಕಾಯಿತು. ಎಲ್‌ಇಡಿ ದೀಪದ ಡ್ರೈವರ್, ಮೊಬೈಲ್ ಚಾರ್ಜರ್, ಇ-ಸ್ಕೂಟರ್ ಚಾರ್ಜರ್ ಇವುಗಳ ಗುರುತು ಒಂದೇ: ಗೆರೆಯ ಎರಡೂ ಪಕ್ಕ ನೂರು ನೂರು ಹರ್ಟ್ಸ್ ಅಂತರದಲ್ಲಿ ಮರಿಗೆರೆಗಳು. ನಮ್ಮ 50 ಹರ್ಟ್ಸ್ ಕರೆಂಟಿನ ಮುದ್ರೆ ಅದು. ಬಿಸಿಯಾದಂತೆ ಗೆರೆ ನಿಧಾನವಾಗಿ ಜಾರುತ್ತದೆ. ಯಾರ ಮನೆಯಲ್ಲಾದರೂ ಹಳೆಯ ಡಬ್ಬಾ ಟಿವಿ ಇನ್ನೂ ಉಸಿರಾಡುತ್ತಿದ್ದರೆ 15.625ರಲ್ಲಿ ಚೂಪು ಗೆರೆ ನಿಲ್ಲುತ್ತದೆ.

ಇವೆಲ್ಲಕ್ಕಿಂತ ಮೋಸಗಾರ ಎಂದರೆ ತಾರಸಿಯ ಸೋಲಾರ್ ಇನ್ವರ್ಟರ್. ಸ್ವಿಚಿಂಗ್ ಸಾಮಾನ್ಯವಾಗಿ 16ರಿಂದ 20 ಕಿಲೋಹರ್ಟ್ಸ್ ಆಸುಪಾಸು, ಅಂದರೆ ಸರಿಯಾಗಿ ನಮ್ಮ ಬೇಟೆಯ ಜಾಗ. ಸೂರ್ಯ ಹುಟ್ಟಿದಾಗ ಎದ್ದು ಮುಳುಗಿದಾಗ ಮಲಗುತ್ತದೆ. ದೂರದ ನಿಲ್ದಾಣಗಳೂ ಸೂರ್ಯನೊಡನೆ ಏರಿಳಿಯುವುದರಿಂದ ಹೊಸಬರು ಇದನ್ನು ಅಯಾನುಗೋಳದ ಆಟ ಎಂದು ಬರೆದುಕೊಂಡುಬಿಡುತ್ತಾರೆ. ಒಂದು ಮೋಡ ಹಾದುಹೋಗುವವರೆಗೆ ಕಾಯಿರಿ. ಮೋಡಕ್ಕೆ ಬಾಗುವುದು ಇನ್ವರ್ಟರ್. ವಿಟಿಎಕ್ಸ್‌ಗೆ ಮೋಡದ ಹಂಗಿಲ್ಲ.

ಬೆಸ್ಕಾಂನವರು ಕರೆಂಟ್ ತೆಗೆದಾಗ ಎಲ್ಲರೂ ಬೇಸರಪಡುವಾಗ ನೀವು ತಾರಸಿಗೆ ಓಡಿ. ಇಡೀ ಬಡಾವಣೆ ಆರಿದ ಆ ನಿಮಿಷಗಳಲ್ಲಿ ಉಳಿದುಕೊಳ್ಳುವ ಪಟ್ಟಿಗಳನ್ನು ಗುರುತು ಹಾಕಿಕೊಳ್ಳಿ. ಅವೇ ಹೊರಗಿನವು. ಐದು ನಿಮಿಷದಲ್ಲಿ ಜನರೇಟರ್, ಯುಪಿಎಸ್‌ಗಳು ಎದ್ದುಬಿಡುತ್ತವೆ, ಅಷ್ಟರೊಳಗೆ ಕೆಲಸ ಮುಗಿಯಬೇಕು. ಹಾಗೆ ಕಾಯಲಾಗದವರು ವಾರದ ಕೊನೆಗೆ ಊರು ಬಿಟ್ಟು ಹೋಗಬಹುದು: ಪೀಣ್ಯದಿಂದ ಮಾಗಡಿ ಕಡೆ, ವೈಟ್‌ಫೀಲ್ಡ್‌ನಿಂದ ಮಾಲೂರು ಕಡೆ, ಎಲೆಕ್ಟ್ರಾನಿಕ್ ಸಿಟಿಯಿಂದ ಆನೇಕಲ್ ದಾಟಿ. ರೇಡಿಯೊ ಖಗೋಳ ವಿಜ್ಞಾನಿಗಳು 1970ರ ದಶಕದಲ್ಲಿ ಗೌರಿಬಿದನೂರನ್ನು ಆರಿಸಿಕೊಂಡದ್ದೂ ಇಂಥದೇ ನಿಶ್ಶಬ್ದವನ್ನು ಹುಡುಕಿಯೇ.

ಬೀದಿಯ ದನಿಗಳಲ್ಲದೆ ಇನ್ನೊಂದು ಅಡ್ಡಿಯೂ ಇದೆ: ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಪ್ರಸಾರಕ ಯಲಹಂಕದ ಕಡೆಯಿದೆ. ಊರಿನ ಉತ್ತರ ಭಾಗದಲ್ಲಿ ಅದರ ಬಲ ಎಷ್ಟೆಂದರೆ ಸರಿಯಾದ ಫಿಲ್ಟರ್ ಇಲ್ಲದ ಪ್ರಿಆಂಪ್ ಹಳೆಯ ಕ್ರಿಸ್ಟಲ್ ಸೆಟ್ ಆಗಿಬಿಡುತ್ತದೆ. ಕೆಲವು ಕಿಲೋಹರ್ಟ್ಸ್‌ನ ಕೆಳಗೆ ಪ್ರದೇಶ ಸಮಾಚಾರವೇ ಕೇಳಿಸುತ್ತದೆ. ಸೌಂಡ್‌ಕಾರ್ಡ್ ಬದಲು ಮೈಕ್ರೊಕಂಟ್ರೋಲರಿನ ಎಡಿಸಿ ಬಳಸುವ ವಿದ್ಯಾರ್ಥಿಗಳಿಗೆ ಇನ್ನೊಂದು ಬಲೆ ಕಾದಿದೆ. ಸೆಕೆಂಡಿಗೆ 96 ಸಾವಿರ ಸಲ ಅಳೆದರೆ 612 ಮಡಚಿಕೊಂಡು 36 ಕಿಲೋಹರ್ಟ್ಸ್‌ನಲ್ಲಿ ನಿಲ್ಲುತ್ತದೆ, ಒಂದು ಲಕ್ಷ ಸಲ ಅಳೆದರೆ 12ಕ್ಕೆ ಜಿಗಿಯುತ್ತದೆ. ಅಳತೆಯ ವೇಗ ಬದಲಿಸಿದಾಗ ಜಾಗ ಬದಲಿಸುವ ಯಾವ ಸಿಗ್ನಲ್ಲೂ ನಿಜವಾಗಿ ಅಲ್ಲಿಲ್ಲ.

ಹ್ಯಾಮ್‌ಗಳ ಕೆಳ ಬ್ಯಾಂಡ್‌ಗಳ ವಿಷಯ ಸ್ವಲ್ಪ ಬೇರೆ. ಅಂತರರಾಷ್ಟ್ರೀಯ ಒಪ್ಪಂದದಲ್ಲಿ 2007ರಲ್ಲಿ 135.7ರಿಂದ 137.8 ಕಿಲೋಹರ್ಟ್ಸ್, 2012ರಲ್ಲಿ 472ರಿಂದ 479 ಕಿಲೋಹರ್ಟ್ಸ್ ಹವ್ಯಾಸಿಗಳ ಪಾಲಿಗೆ ಬಂದವು, ಅದೂ ಎರಡನೇ ದರ್ಜೆಯ ಬಳಕೆದಾರರಾಗಿ. ಮೊದಲನೆಯದರಲ್ಲಿ ಹೊರಸೂಸುವ ಶಕ್ತಿ ಒಂದು ವ್ಯಾಟ್ ಮೀರುವಂತಿಲ್ಲ. ಯಾರ ಮನೆಗೆ ನಾವು ಬಾಡಿಗೆಗೆ ಹೋಗಿದ್ದೇವೆ ಎಂದು ತಿಳಿದಿರಬೇಕಲ್ಲ. ಯುರೋಪಿನ ಹ್ಯಾಮ್‌ಗಳು 136ರಲ್ಲಿ ಕಿವಿಯಿಟ್ಟಾಗ ಅವರಿಗೆ ಅಡ್ಡ ಬರುತ್ತಿದ್ದುದು 135.8ರ ಗ್ರೀಸ್ ನೌಕಾಪಡೆಯ ಎಸ್‌ಎಕ್ಸ್‌ವಿ ಮತ್ತು 138.83ರಲ್ಲಿ ಜರ್ಮನಿಯ ವಿದ್ಯುತ್ ಜಾಲಕ್ಕೆ ಆಜ್ಞೆ ಕಳಿಸುವ ಡಿಸಿಎಫ್39. ಇವು ಎಂಎಸ್‌ಕೆಯ ಮೆತ್ತನೆ ಪಟ್ಟಿಗಳಲ್ಲ, ಎರಡು ಸ್ಪಷ್ಟ ಹಳಿಗಳ ಮೇಲೆ ಓಡುವ ಟೆಲಿಪ್ರಿಂಟರ್ ಮಾದರಿಯ ಸಿಗ್ನಲ್‌ಗಳು. ಬೆಂಗಳೂರಿನಲ್ಲಿ 136ರ ಹತ್ತಿರ ಹೀಗೇನಾದರೂ ಕಂಡರೆ ಗ್ರೀಸ್ ಎಂದು ಹಿಗ್ಗುವ ಮುನ್ನ ಹೈಟೆನ್ಷನ್ ಲೈನ್ ಕಡೆ ನೋಡಿ. ಸಬ್‌ಸ್ಟೇಷನ್‌ಗಳು ತಮ್ಮ ನಡುವೆ ಮಾತಾಡಲು ವಿದ್ಯುತ್ ತಂತಿಯ ಮೇಲೆಯೇ ಪಿಎಲ್‌ಸಿಸಿ ಎಂಬ ವಾಹಕವನ್ನು ಓಡಿಸುವುದುಂಟು, ಸುಮಾರು 50ರಿಂದ 500 ಕಿಲೋಹರ್ಟ್ಸ್‌ವರೆಗೆ. ನಾಲ್ಕು ಕಿಲೋಹರ್ಟ್ಸ್ ಅಗಲದ ಓಣಿ, ಅದರಲ್ಲೊಂದು ಅಲುಗಾಡದ ಪೈಲಟ್ ಸ್ವರ. ಹೂಡಿ, ಪೀಣ್ಯದ ಸಬ್‌ಸ್ಟೇಷನ್ ಸುತ್ತ ವಾಸವಿರುವವರು ಸ್ಟೇಷನ್ ಅಂಗಳದಲ್ಲಿ ಲೈನಿಗೆ ತೂಗುಬಿಟ್ಟ ಪೀಪಾಯಿಯಂಥ ಸುರುಳಿ ಇದೆಯೇ ಎಂದು ಬೇಲಿಯಾಚೆಯಿಂದಲೇ ಗಮನಿಸಿ. ಆ ಸುರುಳಿ ಇದ್ದ ಲೈನಿನಲ್ಲಿ ವಾಹಕವಿದೆ.

ಕಾಲಸೂಚಕ ನಿಲ್ದಾಣಗಳನ್ನೂ ನೌಕಾಪಡೆಯವು ಎಂದು ತಪ್ಪು ತಿಳಿಯುವುದುಂಟು. ಸೆಕೆಂಡಿಗೊಮ್ಮೆ ಮಿಡಿಯುವುದು ಅವುಗಳ ಗುರುತು. ಜಪಾನಿನ ಜೆಜೆವೈ 40 ಮತ್ತು 60ರಲ್ಲಿ, ಚೀನಾದ ಬಿಪಿಸಿ 68.5ರಲ್ಲಿ. ಬಿಪಿಸಿ ದಿನಕ್ಕೆ 21 ಗಂಟೆ ಮಾತ್ರ ಕೆಲಸ ಮಾಡುತ್ತದೆ, ನಮ್ಮ ಬೆಳಗಿನ ಜಾವ ಎರಡೂವರೆಯಿಂದ ಐದೂವರೆವರೆಗೆ ಮೌನ. ಆ ಮೌನವೇ ಅದರ ರುಜು. ರಷ್ಯದ ಆಲ್ಫಾ ಎಂಬ ದಿಕ್ಕುತೋರು ಜಾಲ 11.905, 12.649, 14.881ರಲ್ಲಿ 3.6 ಸೆಕೆಂಡಿನ ಆವರ್ತದಲ್ಲಿ ತಾಳ ಹಾಕುತ್ತಿತ್ತು. ಹಳೆಯ ರೆಕಾರ್ಡಿಂಗ್ ಸಿಕ್ಕರೆ ಒಮ್ಮೆ ಕೇಳಿ.

ಕಾನೂನಿನ ಮಾತನ್ನು ಪಕ್ಕಕ್ಕಿಡುವಂತಿಲ್ಲ. ನಮ್ಮಲ್ಲಿ ನಿಸ್ತಂತು ಉಪಕರಣಗಳ ಒಡೆತನವನ್ನು 1933ರ ಕಾಯ್ದೆ ನಿಯಂತ್ರಿಸುತ್ತಿತ್ತು. ಅದರ ಜಾಗಕ್ಕೆಂದು ತಂದಿರುವುದು 2023ರ ದೂರಸಂಪರ್ಕ ಕಾಯ್ದೆ. ಹ್ಯಾಮ್ ಪರೀಕ್ಷೆ ಬರೆದು ಲೈಸೆನ್ಸ್ ಪಡೆದೇ ಈ ದಾರಿಗೆ ಬನ್ನಿ. ಊರಿನಲ್ಲಿ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಇದೆ, ಕಲಿಸುವ ಹಿರಿಯರಿದ್ದಾರೆ. ನೌಕಾಪಡೆಯ ಸಂದೇಶ ಗೂಢಲಿಪಿಯಲ್ಲಿರುತ್ತದೆ, ಅದನ್ನು ಬಿಡಿಸಲು ಕೈಹಾಕುವುದು ನಮ್ಮ ಕೆಲಸವಲ್ಲ. ಕಂಪನಾಂಕ, ಬಲ, ದಿಕ್ಕು, ಹೊತ್ತು, ಇಷ್ಟನ್ನು ಅಳೆಯುವುದು ವಿಜ್ಞಾನ. ಪ್ರಸಾರ ಕೇಂದ್ರಗಳ ಹತ್ತಿರ ಕ್ಯಾಮೆರಾ ಹಿಡಿದು ಸುಳಿದಾಡುವುದೂ ಬೇಡ. ವಿಟಿಎಕ್ಸ್ ಅನ್ನು ನಿಜವಾಗಿ ನೋಡಬೇಕಾದ ಜಾಗ ನಿಮ್ಮ ಪರದೆ.

ಅಳತೆಯಿಂದ ಏನು ಸಿಗುತ್ತದೆ ಎಂದು ಕೇಳುವವರಿಗೆ ಕೋಲ್ಕತ್ತದ ವಿಜ್ಞಾನಿಗಳ ಉದಾಹರಣೆ ಕೊಡುತ್ತೇನೆ. ಅಲ್ಲಿನ ಇಂಡಿಯನ್ ಸೆಂಟರ್ ಫಾರ್ ಸ್ಪೇಸ್ ಫಿಸಿಕ್ಸ್ ಇದೇ 18.2ರ ಬಲವನ್ನು ವರ್ಷಗಟ್ಟಲೆ ದಾಖಲಿಸಿ, 2009ರ ಜುಲೈ 22ರ ಸೂರ್ಯಗ್ರಹಣದಂದು ದೇಶದ ಹಲವೆಡೆ ಗ್ರಾಹಕಗಳನ್ನಿಟ್ಟು ಆಕಾಶದ ಬದಲಾವಣೆ ಅಳೆಯಿತು. ಈ ಅಲೆಗಳು ನೆಲ ಮತ್ತು ಅಯಾನುಗೋಳದ ನಡುವಿನ ಓಣಿಯಲ್ಲಿ ಸಾಗುತ್ತವೆ. ಹಗಲಲ್ಲಿ ಆ ಮಾಡು ಸುಮಾರು 70 ಕಿಲೋಮೀಟರ್ ಎತ್ತರ, ರಾತ್ರಿ ಸುಮಾರು 90. ಮಾಡು ಏರುವಾಗ, ಇಳಿಯುವಾಗ ಸಿಗ್ನಲ್ ತಪ್ಪದೆ ತೂಗಾಡುತ್ತದೆ. ಸೂರ್ಯನಲ್ಲಿ ಜ್ವಾಲೆ ಎದ್ದರೆ ಎಂಟು ನಿಮಿಷದ ನಂತರ ಹಗಲಿನ ಗೆರೆ ಥಟ್ಟನೆ ಏರಿ ಅಥವಾ ಬಿದ್ದು, ಆಮೇಲೆ ನಿಧಾನವಾಗಿ ಮರಳುತ್ತದೆ. ಪೀಣ್ಯದ ತಾರಸಿಯಲ್ಲಿ ಕಂಡ ಆ ಜಿಗಿತವನ್ನು ಅಮೆರಿಕದ ಗೋಸ್ ಉಪಗ್ರಹಗಳ ಎಕ್ಸ್-ರೇ ನಕ್ಷೆಯೊಡನೆ ಹೋಲಿಸಿ. 2024ರ ಜನವರಿಯಿಂದ ನಮ್ಮದೇ ಆದಿತ್ಯ-ಎಲ್1 ಸೂರ್ಯನತ್ತ ಮುಖಮಾಡಿ ನಿಂತಿದೆ, ಅದರ ಎಕ್ಸ್-ರೇ ಉಪಕರಣವೊಂದನ್ನು ಕಟ್ಟಿದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ.

ಈ ಏರಿಳಿತ ಗುರುತಿಸುವ ಕೆಲಸಕ್ಕೂ ಬರುತ್ತದೆ. ಎಬಿನೊದಲ್ಲಿ ಸೂರ್ಯ ನಮಗಿಂತ ಬಹಳ ಮೊದಲೇ ಮುಳುಗುತ್ತಾನೆ, ಆದ್ದರಿಂದ 22.2ರ ಗೆರೆ ನಮ್ಮ ಮಧ್ಯಾಹ್ನವೇ ತೂಗಾಟ ಶುರುಮಾಡುತ್ತದೆ. 22.1ರ ಸ್ಕೆಲ್ಟನ್ ಆದರೆ ನಮ್ಮ ಸಂಜೆಯಾದ ಮೇಲೆ ಪಶ್ಚಿಮದ ಕತ್ತಲು ನಿಧಾನವಾಗಿ ಹರಡುವುದನ್ನು ಕಾಯಬೇಕು. ಭುಜ ತಾಗಿಸಿಕೊಂಡ ಈ ಇಬ್ಬರನ್ನು ಬೇರ್ಪಡಿಸುವ ಅತ್ಯುತ್ತಮ ಉಪಕರಣ ಗಡಿಯಾರ. ದಾಖಲೆಯಲ್ಲಿ ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆದು ಯುಟಿಸಿಯನ್ನೇ ಬರೆಯಿರಿ. ಸಂದೇಹ ಉಳಿದರೆ ಅಂತರ್ಜಾಲದಲ್ಲಿ ತೆರೆದಿಟ್ಟಿರುವ ಕಿವಿ ಎಸ್‌ಡಿಆರ್ ಗ್ರಾಹಕಗಳಲ್ಲಿ ಅದೇ ಕಂಪನಾಂಕವನ್ನು ಅದೇ ನಿಮಿಷ ನೋಡಿ. ಎರಡು ಊರಿನಲ್ಲಿ ಒಟ್ಟಿಗೆ ನಿಂತು ಒಟ್ಟಿಗೆ ಶುರುವಾಗುವ ಪಟ್ಟಿ ನಿಮ್ಮ ಬೀದಿಯದ್ದಲ್ಲ.

ಯಾವ ಕಾಲದಲ್ಲಿ ಶುರುಮಾಡಬೇಕು ಎಂದರೆ ಡಿಸೆಂಬರ್‌ನಿಂದ ಫೆಬ್ರವರಿ. ಏಪ್ರಿಲ್-ಮೇ ತಿಂಗಳ ಸಂಜೆ ಮಳೆಗಳಲ್ಲಿ ಸುತ್ತಲಿನ ಮಿಂಚೆಲ್ಲ ಈ ಬ್ಯಾಂಡಿನಲ್ಲೇ ಸಿಡಿಯುತ್ತದೆ. ಆಗ ಆಂಟೆನಾ ಬಿಚ್ಚಿ ಕೆಳಗೆ ಬನ್ನಿ, ಸಿಡಿಲಿನ ಹೊತ್ತಿನಲ್ಲಿ ತಾರಸಿಯಲ್ಲಿರುವುದು ಪ್ರಾಣಕ್ಕೆ ಅಪಾಯ. ಚಳಿಗಾಲದ ಒಂದು ಭಾನುವಾರ ಬೆಳಗಿನ ಐದಕ್ಕೆ ಏಳಿ. ಲೂಪ್‌ನ ಅಂಚನ್ನು ದಕ್ಷಿಣಕ್ಕೆ ತಿರುಗಿಸಿ, 18.2ರ ಬಲವನ್ನು ಹತ್ತು ಸೆಕೆಂಡಿಗೊಮ್ಮೆ ಬರೆದುಕೊಳ್ಳುವಂತೆ ತಂತ್ರಾಂಶಕ್ಕೆ ಹೇಳಿ, ಫ್ಲಾಸ್ಕಿನ ಕಾಫಿ ಪಕ್ಕದಲ್ಲಿಟ್ಟುಕೊಳ್ಳಿ. ಆರರ ಆಸುಪಾಸಿನಲ್ಲಿ, ನೆಲದ ಮೇಲೆ ಇನ್ನೂ ಬೆಳಕು ಬೀಳುವ ಮೊದಲೇ, 90 ಕಿಲೋಮೀಟರ್ ಮೇಲೆ ಬಿಸಿಲು ತಾಗಿರುತ್ತದೆ. ಪರದೆಯ ಗೆರೆ ಮೆಲ್ಲಗೆ ಬಾಗಲು ತೊಡಗುತ್ತದೆ.